ಜಪಾನಿನ ಚಿಲ್ಲರೆಗೆ ಹೊಸ ರೂಪ ಕೊಡುವುದಾದರೆ

ಪ್ರಶ್ನೆ: ನಾನು ಶಿಡ್ಲಘಟ್ಟದವಳು, ಬೆಂಗಳೂರಿನಲ್ಲಿ ವಿನ್ಯಾಸ ಪದವಿಯ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಯಾವುದಾದರೂ ಒಂದು ದೇಶದ ದಿನಬಳಕೆಯ ನಾಣ್ಯಗಳಿಗೆ ಹೊಸ ವಿನ್ಯಾಸ ಕಲ್ಪಿಸಿ ಬನ್ನಿ ಎಂದು ತರಗತಿಯಲ್ಲಿ ಕೆಲಸ ಕೊಟ್ಟಿದ್ದಾರೆ. ನಾನು ಜಪಾನನ್ನು ಆರಿಸಿಕೊಂಡೆ. 500 ಯೆನ್‌ಗೆ ಫ್ಯೂಜಿ ಪರ್ವತ, 100ಕ್ಕೆ ಬುಲೆಟ್ ರೈಲು, 50ಕ್ಕೆ ನಡುವಿನ ತೂತೇ ಕಣ್ಣಾಗುವಂತೆ ಬೆಕ್ಕಿನ ಮುಖ, 10ಕ್ಕೆ ಸಮುರಾಯ್, 5ಕ್ಕೆ ಜಪಾನಿ ಚಿತ್ರಕಾರ ಹೊಕುಸಾಯ್‌ನ ದೊಡ್ಡ ಅಲೆ, 1ಕ್ಕೆ ಕಾಗದದ ಕೊಕ್ಕರೆ ಬರೆದಿದ್ದೇನೆ. ನೋಡಲು ಒಂದೇ ಕುಟುಂಬದವು ಅನ್ನಿಸಲೆಂದು ಆರಕ್ಕೂ ಒಂದೇ ಬಿಳಿ ಲೋಹ ಇಟ್ಟು, ತೂತನ್ನು 50ಕ್ಕೆ ಮಾತ್ರ ಉಳಿಸಿದ್ದೇನೆ. ಚಿತ್ರಗಳು ಚೆನ್ನಾಗಿವೆ, ಆದರೆ ಇವು ನಾಣ್ಯಗಳಲ್ಲ ಎಂದರು ಅಧ್ಯಾಪಕರು. ಎಲ್ಲಿ ತಪ್ಪಿದೆ? ನೀವಾಗಿದ್ದರೆ ಏನನ್ನು ಬದಲಿಸುತ್ತಿದ್ದಿರಿ? ಬೆಕ್ಕನ್ನಾದರೂ ಉಳಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಚಿತ್ರಗಳನ್ನು ನೋಡಿದೆ. ಗೆರೆಯ ಮೇಲೆ ನಿಮಗೆ ಒಳ್ಳೆಯ ಹಿಡಿತವಿದೆ, ಅಲ್ಲಿ ತಪ್ಪು ಹುಡುಕಬೇಕಾಗಿಲ್ಲ. ತಪ್ಪಿರುವುದು ಕೆಲಸ ಶುರುವಾದ ಜಾಗದಲ್ಲಿ. ನಾಣ್ಯವನ್ನು ಮೊದಲು ಗುರುತಿಸುವುದು ಬೆರಳು, ಎರಡನೆಯದಾಗಿ ಯಂತ್ರ, ಮೂರನೆಯದಾಗಿ ಕಣ್ಣು. ನೀವು ಮೂರನೆಯದರಿಂದ ಹೊರಟು ಮೊದಲೆರಡನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಸಾಧ್ಯವಾದರೆ ಈಗ ಚಲಾವಣೆಯಲ್ಲಿರುವ ಆರು ಜಪಾನಿ ನಾಣ್ಯಗಳನ್ನು ಎಲ್ಲಿಂದಲಾದರೂ ಸಂಪಾದಿಸಿ, ಒಂದು ಬಟ್ಟೆಯ ಚೀಲಕ್ಕೆ ಹಾಕಿ, ನೋಡದೆ ಒಂದೊಂದಾಗಿ ಹೊರತೆಗೆಯಿರಿ. ನಾನು ವಿದ್ಯಾರ್ಥಿಗಳಿಂದ ಇದನ್ನು ಹಲವು ಸಲ ಮಾಡಿಸಿದ್ದೇನೆ. ಹತ್ತು ನಿಮಿಷದಲ್ಲಿ ಆರನ್ನೂ ತಪ್ಪಿಲ್ಲದೆ ಹೆಸರಿಸುತ್ತಾರೆ. 1 ಯೆನ್ ಅಲ್ಯೂಮಿನಿಯಂ, ತೂಕ ಸರಿಯಾಗಿ 1 ಗ್ರಾಂ, ವ್ಯಾಸ 20 ಮಿ.ಮೀ.; ಕೈಯಲ್ಲಿದ್ದರೂ ಇಲ್ಲದಂತೆ ಹಗುರ. 5 ಯೆನ್ ಹಿತ್ತಾಳೆ, ನಡುವೆ ತೂತು, ಅಂಚು ನುಣುಪು. 10 ಯೆನ್ ಕಂಚು, ತೂತಿಲ್ಲ, ಅಂಚು ನುಣುಪು. 50 ಯೆನ್ ತಾಮ್ರ-ನಿಕಲ್ ಮಿಶ್ರಲೋಹ. ಅದಕ್ಕೂ ತೂತಿದೆ, ಆದರೆ ಅಂಚಿನ ಸುತ್ತ ಗೀರುಗಳಿವೆ. 100 ಯೆನ್‌ಗೆ ಅದೇ ಲೋಹ, ಅದೇ ಬಗೆಯ ಅಂಚು, ತೂತಿಲ್ಲ. 500 ಯೆನ್ ಎಲ್ಲಕ್ಕಿಂತ ದೊಡ್ಡದು, 26.5 ಮಿ.ಮೀ., ಅದರ ಅಂಚಿನ ಗೀರುಗಳು ಓರೆ. ತೂತು ಇದೆಯೋ ಇಲ್ಲವೋ, ಅಂಚು ನುಣುಪೋ ಗೀರೋ, ಭಾರವೋ ಹಗುರವೋ ಎಂಬ ಮೂರೇ ಪ್ರಶ್ನೆಗಳಿಂದ ಆರು ನಾಣ್ಯಗಳೂ ಬೇರೆಬೇರೆಯಾಗುತ್ತವೆ. ದೃಷ್ಟಿಯಿಲ್ಲದವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀವು ಎಲ್ಲವನ್ನೂ ಒಂದೇ ಬಿಳಿ ಲೋಹದಲ್ಲಿ ಮಾಡಿದಾಗ ಈ ವ್ಯವಸ್ಥೆ ಪೂರ್ತಿ ಕುಸಿಯುತ್ತದೆ. ನಮ್ಮಲ್ಲೇ ಒಂದು ಮತ್ತು ಎರಡು ರೂಪಾಯಿಯ ಉಕ್ಕಿನ ನಾಣ್ಯಗಳು ಬೆರೆತುಹೋಗಿ, ಬಸ್ಸಿನ ಕಂಡಕ್ಟರ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದುದನ್ನು ನೀವೂ ಕಂಡಿರುತ್ತೀರಿ.

ಜಪಾನಿಗೆ ಈ ವ್ಯವಸ್ಥೆ ಒಂದೇ ದಿನದಲ್ಲಿ ಒದಗಿ ಬಂದದ್ದಲ್ಲ. 1955ರಲ್ಲಿ ಬಂದ 50 ಯೆನ್ ಶುದ್ಧ ನಿಕಲ್‌ನದು, ತೂತಿರಲಿಲ್ಲ. ಎರಡು ವರ್ಷದ ನಂತರ 100 ಯೆನ್ ಬೆಳ್ಳಿ ನಾಣ್ಯ ಬಂತು. ಎರಡೂ ಬಿಳಿ, ಎರಡರ ಅಂಚಿನಲ್ಲೂ ಗೀರು. ಜನ ಒಂದರ ಬದಲು ಇನ್ನೊಂದನ್ನು ಕೊಡತೊಡಗಿದರು. 1959ರಲ್ಲಿ 50 ಯೆನ್‌ಗೆ ತೂತು ಬಿತ್ತು. ಅದೇ ವರ್ಷ 10 ಯೆನ್‌ನ ಅಂಚಿನಲ್ಲಿದ್ದ ಗೀರುಗಳನ್ನು ತೆಗೆದುಹಾಕಿದರು, ಏಕೆಂದರೆ ಗೀರು ಹೆಚ್ಚು ಬೆಲೆಯ ನಾಣ್ಯಗಳ ಗುರುತಾಗಿ ಉಳಿಯಬೇಕಿತ್ತು. ಗೀರಿನ ಅಂಚಿರುವ ಹಳೆಯ 10 ಯೆನ್ ಇವತ್ತಿಗೂ ಆಗೊಮ್ಮೆ ಈಗೊಮ್ಮೆ ಚಿಲ್ಲರೆಯಲ್ಲಿ ಸಿಗುತ್ತದೆ. ಜಪಾನೀಯರು ಅದನ್ನು ‘ಗಿಜಾಜೂ’ ಎಂದು ಕರೆದು ಎತ್ತಿಟ್ಟುಕೊಳ್ಳುತ್ತಾರೆ. ಈಗಿರುವ 50 ಮತ್ತು 100 ಯೆನ್‌ಗಳ ಲೋಹ ಹಾಗೂ ಅಳತೆ 1967ರಲ್ಲಿ ನಿಂತವು, ಬೆಳ್ಳಿ ನಾಣ್ಯದ ಕಾಲ ಅಲ್ಲಿಗೆ ಮುಗಿಯಿತು. ನೀವು ಅಲಂಕಾರವೆಂದು ಭಾವಿಸಿ ಕೈಬಿಟ್ಟ ಪ್ರತಿಯೊಂದು ತೂತು, ಪ್ರತಿಯೊಂದು ಗೀರು ಯಾವುದೋ ನಿಜವಾದ ಗೊಂದಲಕ್ಕೆ ಸಿಕ್ಕ ಪರಿಹಾರ.

ಎರಡನೆಯದು ಯಂತ್ರ. ಕಾನೂನಿನ ಪ್ರಕಾರ ಜಪಾನಿನಲ್ಲಿ ನೋಟನ್ನು ಹೊರಡಿಸುವುದು ಕೇಂದ್ರ ಬ್ಯಾಂಕು, ನಾಣ್ಯವನ್ನು ಹೊರಡಿಸುವುದು ಸರ್ಕಾರ. ನಾಣ್ಯದ ಲೋಹ, ಅಳತೆ, ಚಿತ್ರ ಎಲ್ಲವೂ ಸಚಿವ ಸಂಪುಟದ ಆದೇಶದಿಂದ ನಿಗದಿಯಾಗುತ್ತವೆ. ಆದರೆ ಆ ಆದೇಶವನ್ನು ದಿನನಿತ್ಯ ಪಾಲಿಸುವುದು ರೈಲು ನಿಲ್ದಾಣದ ಟಿಕೆಟ್ ಯಂತ್ರ, ಬೀದಿ ಬದಿಯ ತಂಪು ಪಾನೀಯದ ಯಂತ್ರ, ಬಸ್ಸಿನ ಚಿಲ್ಲರೆ ಪೆಟ್ಟಿಗೆ. ಅವು ಚಿತ್ರವನ್ನು ನೋಡುವುದಿಲ್ಲ. ವ್ಯಾಸ, ದಪ್ಪ ಮತ್ತು ಲೋಹದ ವಿದ್ಯುತ್ ಗುಣವನ್ನು ಅಳೆಯುತ್ತವೆ.

ಇದರಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 500 ಯೆನ್‌ನ ಕಥೆ ಸಾಕು. 1982ರಲ್ಲಿ ಬಂದ ಮೊದಲ 500 ಯೆನ್ ತಾಮ್ರ-ನಿಕಲ್‌ನದು, 7.2 ಗ್ರಾಂ. ಅದೇ ವರ್ಷ ದಕ್ಷಿಣ ಕೊರಿಯಾ ಹೊರಡಿಸಿದ 500 ವಾನ್ ನಾಣ್ಯದ ಲೋಹವೂ ಅದೇ, ವ್ಯಾಸವೂ ಅದೇ 26.5 ಮಿ.ಮೀ., ತೂಕ ಮಾತ್ರ 7.7 ಗ್ರಾಂ. ಬೆಲೆಯಲ್ಲಿ ಅದು 500 ಯೆನ್‌ನ ಸುಮಾರು ಹತ್ತರಲ್ಲಿ ಒಂದು ಪಾಲು. ವಾನ್ ನಾಣ್ಯದ ಮೈಯನ್ನು ಅಲ್ಲಲ್ಲಿ ಕೊರೆದು ಅರ್ಧ ಗ್ರಾಂ ಇಳಿಸಿ ಯಂತ್ರಗಳಿಗೆ ತೂರಿಸುವ ವಂಚನೆ 1990ರ ದಶಕದ ಕೊನೆಗೆ ಎಷ್ಟು ಹಬ್ಬಿತೆಂದರೆ, 2000ದಲ್ಲಿ ಲೋಹವನ್ನೇ ಬದಲಿಸಿ ನಿಕಲ್ ಬೆರೆತ ಹಿತ್ತಾಳೆಯಲ್ಲಿ ಹೊಸ ನಾಣ್ಯ ತರಬೇಕಾಯಿತು. 2021ರ ನವೆಂಬರ್ 1ರಂದು ಮೂರನೆಯದು ಬಂತು: ಹೊರಗೆ ನಿಕಲ್-ಹಿತ್ತಾಳೆಯ ಬಳೆ, ಒಳಗೆ ತಾಮ್ರವನ್ನು ತಾಮ್ರ-ನಿಕಲ್‌ನ ಎರಡು ಹಾಳೆಗಳ ನಡುವೆ ಒತ್ತಿದ ಬಿಲ್ಲೆ, ತೂಕ 7.1 ಗ್ರಾಂ. ಅಂಚಿನ ಓರೆ ಗೀರುಗಳು ಕೆಲವು ಕಡೆ ಬೇಕೆಂದೇ ಬೇರೆ ಅಂತರದಲ್ಲಿವೆ. ಮುಖದ ಸುತ್ತ ಎದ್ದಿರುವ ದಂಡೆಯಲ್ಲಿ ಬರಿಗಣ್ಣಿಗೆ ಗೆರೆಯಂತೆ ಕಾಣುವಷ್ಟು ಸಣ್ಣ ಅಕ್ಷರಗಳಿವೆ. ನಾಣ್ಯವನ್ನು ಓರೆ ಮಾಡಿ ಹಿಡಿದರೆ 500 ಎಂಬ ಅಂಕಿಯ ಸೊನ್ನೆಗಳೊಳಗೆ ಅಡಗಿದ ಬರಹ ಮೂಡುತ್ತದೆ. ಇಷ್ಟೆಲ್ಲ ಹೊಸದಾದರೂ ಮುಖದ ಮೇಲಿನ ಗಿಡ ಮಾತ್ರ 1982ರಿಂದ ಇರುವ ಅದೇ ಪೌಲೋನಿಯಾ, ಅಂದರೆ ಜಪಾನ್ ಸರ್ಕಾರದ ಲಾಂಛನವಾದ ಕಿರಿ ಮರದ ಎಲೆ ಮತ್ತು ಹೂಗೊಂಚಲು. ಭದ್ರತೆಗಾಗಿ ಎರಡು ಸಲ ಮೈ ಬದಲಿಸಿದ ನಾಣ್ಯ ಜನರಿಗೆ ಅಪರಿಚಿತವಾಗದಂತೆ ಮುಖವನ್ನು ಉಳಿಸಿಕೊಂಡಿದೆ. ಇದನ್ನು ನಾನು ಬಹಳ ಗೌರವಿಸುತ್ತೇನೆ, ಆದ್ದರಿಂದ 500 ಯೆನ್‌ಗೆ ಹೊಸ ಚಿತ್ರ ಬರೆಯಲು ನನಗೆ ಮನಸ್ಸಿಲ್ಲ.

ಇನ್ನು ನಿಮ್ಮ ಫ್ಯೂಜಿ, ಅಲೆ, ಸಮುರಾಯ್‌ಗಳ ವಿಷಯ. ಜಪಾನಿನ ದಿನಬಳಕೆಯ ನಾಣ್ಯದಲ್ಲಿ ಮನುಷ್ಯರ ಮುಖವಿಲ್ಲ. ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ 1871ರಲ್ಲಿ ಒಸಾಕಾದಲ್ಲಿ ಟಂಕಸಾಲೆ ತೆರೆದು ಯೆನ್ ನಾಣ್ಯಗಳನ್ನು ಅಚ್ಚು ಹಾಕಿಸಿದಾಗ, ಯೂರೋಪಿನ ಪದ್ಧತಿಯಂತೆ ದೊರೆಯ ಮುಖ ಬರಲಿಲ್ಲ. ಚಕ್ರವರ್ತಿಯ ಮುಖವನ್ನು ಎಲ್ಲರ ಕೈಗೆ ಸಿಗುವ ಲೋಹದ ಮೇಲೆ ಒತ್ತುವುದು ಅಗೌರವವೆಂಬ ಭಾವನೆಯಿತ್ತು. ಅದರ ಬದಲು ಡ್ರ್ಯಾಗನ್ ಬಂತು. ಅದನ್ನು ರೂಪಿಸಿದ ಕಾನೋ ನಾತ್ಸುವೋ ಕತ್ತಿಯ ಹಿಡಿ, ಕಾಪುಗಳ ಮೇಲೆ ಲೋಹದ ಕೆತ್ತನೆ ಮಾಡುತ್ತಿದ್ದ ಕುಶಲಕರ್ಮಿ. ಡ್ರ್ಯಾಗನ್ ಹೋಗಿ ಎಷ್ಟೋ ಕಾಲವಾಯಿತು, ಆದರೆ ಮುಖವಿಲ್ಲದ ನಾಣ್ಯದ ಸಂಪ್ರದಾಯ ಉಳಿಯಿತು. ವ್ಯಕ್ತಿಗಳ ಜಾಗ ನೋಟು: 2024ರ ಜುಲೈ 3ರಂದು ಬಂದ ನೋಟುಗಳಲ್ಲಿ ಉದ್ಯಮಿ ಶಿಬುಸಾವಾ ಎಯಿಚಿ, ಶಿಕ್ಷಣತಜ್ಞೆ ತ್ಸುದಾ ಉಮೆಕೊ, ವೈದ್ಯವಿಜ್ಞಾನಿ ಕಿತಾಸಾತೊ ಶಿಬಾಸಾಬುರೊ ಇದ್ದಾರೆ. ಅದೇ ಸರಣಿಯ 1000 ಯೆನ್ ನೋಟಿನ ಹಿಂಬದಿಯಲ್ಲಿ ನೀವು ಬರೆದ ಹೊಕುಸಾಯ್ ಅಲೆಯೇ ಇದೆ. ಫ್ಯೂಜಿ ಪರ್ವತ ನೋಟುಗಳ ಮೇಲೆ ಹಲವು ಸಲ ಬಂದುಹೋಗಿದೆ. 1941ರ ಅಲ್ಯೂಮಿನಿಯಂ 1 ಸೆನ್ (ಯೆನ್‌ನ ನೂರರಲ್ಲಿ ಒಂದು ಪಾಲು) ನಾಣ್ಯದಲ್ಲೂ ಇತ್ತು. ಬುಲೆಟ್ ರೈಲಿನ ಆಕಾರವಂತೂ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ, ನಾಣ್ಯ ಐವತ್ತು ವರ್ಷ ಬಾಳಬೇಕು. ನೀವು ಬರೆದಿರುವುದು ಹೊರಗಿನವರ ಕಣ್ಣಿಗೆ ಕಾಣುವ ಜಪಾನು. ಪ್ರವಾಸಿಗೆ ಮಾರುವ ನೆನಪಿನ ವಸ್ತುವಿಗೆ ಅದು ಸರಿ. ದಿನಾ ಬೆಳಿಗ್ಗೆ ಹಾಲು ಕೊಳ್ಳುವವರ ಪರ್ಸಿಗೆ ಸರಿಹೋಗದು.

ಈಗಿನ ಆರು ನಾಣ್ಯಗಳಲ್ಲೂ ಇರುವುದು ಗಿಡಮರ, ತೆನೆ, ಹೂವು. 500ರಲ್ಲಿ ಕಿರಿ ಮರ, 100ರಲ್ಲಿ ಚೆರ್ರಿ ಹೂವು, 50ರಲ್ಲಿ ಸೇವಂತಿಗೆ, 10ರ ಒಂದು ಬದಿಗೆ ನಿತ್ಯಹಸಿರು ಎಲೆಗಳ ಮಾಲೆ, 5ರಲ್ಲಿ ಭತ್ತದ ತೆನೆ, 1ರಲ್ಲಿ ಎಳೆಯ ಮರ. ಆ ಎಳೆಯ ಮರ ಯಾವ ಜಾತಿಯದೂ ಅಲ್ಲ, ಬೆಳೆಯುವ ಗಿಡ ಅಷ್ಟೇ. 1955ರಲ್ಲಿ ಬಂದ ಈ ನಾಣ್ಯಕ್ಕಾಗಿ ಸಾರ್ವಜನಿಕರಿಂದ ಚಿತ್ರ ಆಹ್ವಾನಿಸಿ ಆರಿಸಿದ್ದು. ಒಸಾಕಾ ಟಂಕಸಾಲೆಯ ಆವರಣದಲ್ಲಿ ಚೆರ್ರಿ ಮರಗಳ ಸಾಲೇ ಇದೆ, ಏಪ್ರಿಲ್‌ನಲ್ಲಿ ಹೂಬಿಡುವ ಒಂದು ವಾರ ಜನರಿಗೆ ಬಾಗಿಲು ತೆರೆಯುವ ರೂಢಿ 1883ರಿಂದ ನಡೆದು ಬಂದಿದೆ. ಹೊಸ ಕಲ್ಪನೆ ಈ ಸಸ್ಯಲೋಕದ ಒಳಗಿನಿಂದಲೇ ಹುಟ್ಟಬೇಕೆಂಬುದು ನನ್ನ ಅಭಿಪ್ರಾಯ.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 5 ಯೆನ್, ಬದಲಾವಣೆ ತುರ್ತಾಗಿ ಬೇಕಾಗಿರುವುದೂ ಅದಕ್ಕೇ. ಅದನ್ನು ಹತ್ತಿರದಿಂದ ನೋಡಿ. 22 ಮಿ.ಮೀ. ಬಿಲ್ಲೆ, ನಡುವೆ 5 ಮಿ.ಮೀ. ತೂತು. ತುಂಬಿದ ಭತ್ತದ ತೆನೆಯೊಂದು ತೂತಿನ ಮೇಲೆ ಬಾಗಿ ಬಂದಿದೆ. ಕೆಳಭಾಗದಲ್ಲಿ ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳು ನೀರು. ತೂತಿನ ಸುತ್ತ ಸಣ್ಣ ಹಲ್ಲುಗಳಿವೆ, ಅದು ಯಂತ್ರದ ಚಕ್ರ. ಬೇಸಾಯ, ಮೀನುಗಾರಿಕೆ, ಕೈಗಾರಿಕೆ. ಯುದ್ಧದಲ್ಲಿ ಸುಟ್ಟುಹೋದ ದೇಶವೊಂದು ಮತ್ತೆ ಏಳಲು ಯಾವುದನ್ನು ನಂಬಿತ್ತು ಎಂಬುದೆಲ್ಲ 1949ರ ಈ ಚಿತ್ರದಲ್ಲಿದೆ. ಹಿಂಬದಿಯಲ್ಲಿ ತೂತಿನ ಎರಡೂ ಪಕ್ಕ ಎರಡೆಲೆಯ ಮೊಳಕೆ. ತೂತನ್ನು ಚಕ್ರದ ನಡುವಿನ ರಂಧ್ರವಾಗಿಸಿದ ಜಾಣತನ ನೋಡಿ: ಅಡ್ಡಿಯಾಗಬೇಕಿದ್ದ ಖಾಲಿ ಜಾಗವೇ ಚಿತ್ರದ ಭಾಗವಾಗಿದೆ. ನಮ್ಮಲ್ಲಿಯೂ 1943ರಿಂದ 1947ರವರೆಗೆ ತೂತಿನ ಕಾಸು ಇತ್ತು. ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ್ದು. ಅದರಲ್ಲಿ ತೂತು ಬರೀ ತೂತಾಗಿಯೇ ಇತ್ತು.

ಆದರೆ ಈ 5 ಯೆನ್‌ಗೆ ಒಂದು ದೊಡ್ಡ ಕೊರತೆಯಿದೆ. ಆರರಲ್ಲಿ ಇದೊಂದರಲ್ಲಿ ಮಾತ್ರ ಬೆಲೆ ಅಂಕಿಯಲ್ಲಿಲ್ಲ. ಜಪಾನಿ ಲಿಪಿಯ ‘ಗೋ-ಎನ್’ ಎಂಬ ಎರಡು ಅಕ್ಷರಗಳನ್ನು ಓದಲು ಬಾರದವರಿಗೆ ಇದು ಎಷ್ಟರ ನಾಣ್ಯವೆಂದು ತಿಳಿಯುವ ದಾರಿಯಿಲ್ಲ. ಓದು ಕಲಿಯದ ಮಗುವಿಗೂ, ಕೆಲಸಕ್ಕೆಂದು ಬಂದ ವಿಯೆಟ್ನಾಮಿನವರಿಗೂ, ನೇಪಾಳದವರಿಗೂ ಇದು ಮೊದಲ ದಿನದ ತೊಡಕು. ಹಾಗೆಂದು ಅಕ್ಷರಗಳನ್ನು ತೆಗೆದುಹಾಕುವಂತಿಲ್ಲ. ‘ಗೋ-ಎನ್’ ಎಂಬ ಉಚ್ಚಾರಕ್ಕೆ ‘ಋಣಾನುಬಂಧ’ ಎಂಬ ಅರ್ಥದ ಇನ್ನೊಂದು ಮಾತೂ ಇದೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಜನ 5 ಯೆನ್ ಹಾಕುವುದು ಇದೇ ಕಾರಣಕ್ಕೆ. ಈ ಅಕ್ಷರಗಳೊಂದಿಗೆ ಜನರ ಮನಸ್ಸು ಹೆಣೆದುಕೊಂಡಿದೆ. ಹಾಗಾಗಿ ತೆನೆಯಿರುವ ಬದಿಯನ್ನು ನಾನು ಮುಟ್ಟುವುದಿಲ್ಲ. ಹಿಂಬದಿಯಲ್ಲಿ ಮೊಳಕೆಗಳನ್ನು ತುಸು ಮೇಲಕ್ಕೆ ಸರಿಸಿ, ವರ್ಷವನ್ನು ದೇಶದ ಹೆಸರಿನ ಕೆಳಗೆ ಒಂದೇ ಕಮಾನಿನಲ್ಲಿ ತಂದು, ತೂತಿನ ಕೆಳಗೆ ದಪ್ಪನೆಯ 5 ಅಂಕಿಯನ್ನು ಕೂರಿಸುತ್ತೇನೆ. ತೂತಿನ ಅಂಚಿನಿಂದ ನಾಣ್ಯದ ಅಂಚಿಗೆ ಸಿಗುವುದು ಎಂಟೂವರೆ ಮಿ.ಮೀ.; ದಂಡೆ ಕಳೆದರೂ ಐದು ಮಿ.ಮೀ. ಎತ್ತರದ ಅಂಕಿ ನೆಮ್ಮದಿಯಾಗಿ ನಿಲ್ಲುತ್ತದೆ.

50 ಯೆನ್‌ನಲ್ಲೂ ಸಿಗುವ ಬಳೆ ಅಷ್ಟೇ ಅಗಲ: ವ್ಯಾಸ 21, ತೂತು 4. ಅಲ್ಲಿ ಸೇವಂತಿಗೆಯ ಬದಲು ಮಿತ್ಸುಮಾತಾ ಎಂಬ ಪೊದೆಯನ್ನು ತರಬೇಕೆಂದು ನನಗೆ ಬಹುಕಾಲದ ಆಸೆ. ಜಪಾನಿನ ನೋಟಿನ ಕಾಗದಕ್ಕೆ ನಾರು ಕೊಡುವ ಗಿಡವದು. ಅದರ ಪ್ರತಿ ಕೊಂಬೆಯೂ ಕವಲೊಡೆಯುವಾಗ ಮೂರಾಗಿ ಒಡೆಯುತ್ತದೆ, ಹೆಸರಿನ ಅರ್ಥವೇ ‘ಮೂರು ಕವಲು’. ಮೂರು ಕವಲುಗಳನ್ನು ತೂತಿನ ಸುತ್ತ ಸಮ ಅಂತರದಲ್ಲಿ ಹರಡಿ, ತುದಿಗಳಲ್ಲಿ ಚೆಂಡಿನಂಥ ಹೂಗೊಂಚಲು ಇಟ್ಟರೆ, ನಾಣ್ಯವನ್ನು ಹೇಗೆ ತಿರುಗಿಸಿ ಹಿಡಿದರೂ ಚಿತ್ರ ನೇರವಾಗಿಯೇ ಕಾಣುತ್ತದೆ. ನಾಣ್ಯಕ್ಕೆ ಅಂಗೈಯಲ್ಲಿ ಮೇಲು ಕೆಳಗು ಎಂಬುದಿಲ್ಲ, ಇದನ್ನು ಮರೆಯಬೇಡಿ.

10 ಯೆನ್‌ನ ಮುಂಬದಿಯಲ್ಲಿ ಕ್ಯೋತೊ ಪ್ರಾಂತ್ಯದ ಉಜಿಯಲ್ಲಿರುವ ಬ್ಯೋದೋಯಿನ್ ದೇವಾಲಯದ ಫೀನಿಕ್ಸ್ ಮಂಟಪವಿದೆ, 1053ರ ಕಟ್ಟಡ. ಎರಡು ರೆಕ್ಕೆ ಚಾಚಿದ ಹಕ್ಕಿಯಂತೆ ಅಡ್ಡಕ್ಕೆ ಹರಡಿಕೊಂಡಿರುವ ಆ ಕಟ್ಟಡ ದುಂಡು ಬಿಲ್ಲೆಯ ನಡುಪಟ್ಟಿಗೆ ಹೇಳಿ ಮಾಡಿಸಿದಂತಿದೆ; ಅದನ್ನು ತೆಗೆಯುವವರು ಪಶ್ಚಾತ್ತಾಪ ಪಡುತ್ತಾರೆ. ಆದರೆ ಹಿಂಬದಿಯ ನಿತ್ಯಹಸಿರು ಎಲೆಗಳು ಇಂಥ ಗಿಡದವು ಎಂದಿಲ್ಲ. ಉಜಿ ಜಪಾನಿನ ಅತ್ಯುತ್ತಮ ಚಹಾ ಬೆಳೆಯುವ ಊರು, ಚಹಾ ಗಿಡವೂ ನಿತ್ಯಹಸಿರೇ. ಆ ಮಾಲೆಯನ್ನು ಎರಡೆಲೆ ಒಂದು ಕುಡಿಯ ಚಹಾ ಚಿಗುರುಗಳಿಂದ ಕಟ್ಟಿದರೆ ನಾಣ್ಯದ ಎರಡು ಬದಿಗಳು ಒಂದೇ ಊರಿನ ಮಾತಾಡುತ್ತವೆ, ಮೊದಲಿನ ಕಲ್ಪನೆಗೂ ಭಂಗ ಬರುವುದಿಲ್ಲ.

100 ಯೆನ್‌ನ ಚೆರ್ರಿಯನ್ನು ಮುಟ್ಟುವ ಧೈರ್ಯ ನನಗಿಲ್ಲ. ನೀವು ಶಿಡ್ಲಘಟ್ಟದವರಾದ್ದರಿಂದ ಒಂದು ಮಾತು ಹೇಳುತ್ತೇನೆ: ಆ ನಾಣ್ಯದ ಹಿಂಬದಿಯಲ್ಲಿ ಅಂಕಿ, ವರ್ಷ ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ಒಂದು ಹಿಪ್ಪುನೇರಳೆ ಎಲೆಗೆ ಜಾಗವಿದೆ. ಮೇಜಿ ಕಾಲದಿಂದ ಯುದ್ಧದ ಹಿಂದಿನವರೆಗೆ ಜಪಾನಿಗೆ ವಿದೇಶಿ ಹಣ ತಂದುಕೊಟ್ಟ ದೊಡ್ಡ ಸರಕು ರೇಷ್ಮೆ ನೂಲು. 1872ರಲ್ಲಿ ತೆರೆದ ತೊಮಿಯೋಕಾ ನೂಲು ತೆಗೆಯುವ ಕಾರ್ಖಾನೆ ಇಂದು ವಿಶ್ವ ಪರಂಪರೆಯ ತಾಣ. ಹಿಪ್ಪುನೇರಳೆ ಎಲೆಯ ಹೋಳು, ನರ, ಹುಳು ಮೇಯ್ದ ಅಂಚು ಹೇಗಿರುತ್ತದೆಂದು ಪುಸ್ತಕ ನೋಡಿ ಬರೆಯುವವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಈ ಎಲೆಯನ್ನು ನೀವೇ ಬರೆಯಬೇಕು.

1 ಯೆನ್ ಹಾಗೇ ಇರಲಿ. 2016ರಿಂದ ಅದನ್ನು ಸಂಗ್ರಾಹಕರ ಪೆಟ್ಟಿಗೆಗಳಿಗಾಗಿ ಮಾತ್ರ ಅಚ್ಚು ಹಾಕುತ್ತಿದ್ದಾರೆ. ಚಲಾವಣೆಗೆ ಬಾರದ ಹೊಸ ಚಿತ್ರದಿಂದ ಯಾರಿಗೂ ಉಪಯೋಗವಿಲ್ಲ.

ಇನ್ನು ಬರೆಯುವ ಕ್ರಮ. ನಾಣ್ಯದ ಮೇಲಿನದು ಗೆರೆಯಲ್ಲ, ಉಬ್ಬು. ಅಚ್ಚು ಒಂದೇ ಏಟಿಗೆ ಬೀಳುತ್ತದೆ. ಆ ಒಂದು ಏಟಿನಲ್ಲಿ ಲೋಹ ಎರಡೂ ಬದಿಯ ತಗ್ಗುಗಳಿಗೆ ಹರಿದು ತುಂಬಬೇಕು. ಒಂದು ಬದಿಯಲ್ಲಿ ದಪ್ಪ ಉಬ್ಬು ಇರುವ ಜಾಗದಲ್ಲೇ ಇನ್ನೊಂದು ಬದಿಯಲ್ಲೂ ದಪ್ಪ ಉಬ್ಬು ಇಟ್ಟರೆ ಲೋಹ ಸಾಲದೆ ಎರಡೂ ಮಸುಕಾಗುತ್ತವೆ. ಯಾವ ಉಬ್ಬೂ ದಂಡೆಗಿಂತ ಎತ್ತರವಾಗಬಾರದು, ಹಾಗಾದರೆ ನಾಣ್ಯಗಳು ಒಂದರ ಮೇಲೊಂದು ನಿಲ್ಲುವುದಿಲ್ಲ, ಚಿತ್ರವೂ ಬೇಗ ಸವೆಯುತ್ತದೆ. ನಿಮ್ಮ ಸಮುರಾಯ್‌ನ ಕವಚದಲ್ಲಿ ಎಣಿಸಿದರೆ ಅರವತ್ತಕ್ಕೂ ಹೆಚ್ಚು ಗೆರೆಗಳಿವೆ. 23.5 ಮಿ.ಮೀ. ಅಗಲದ ಕಂಚಿನಲ್ಲಿ ಅವು ಎರಡು ವರ್ಷದಲ್ಲಿ ಕಪ್ಪು ಮಚ್ಚೆಯಾಗಿಬಿಡುತ್ತವೆ. ಚಿಕ್ಕಂದಿನಲ್ಲಿ ಪುಸ್ತಕದ ಹಾಳೆಯ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ಉಜ್ಜಿ ಚಿತ್ರ ಮೂಡಿಸುತ್ತಿದ್ದೆವಲ್ಲ, ಅದನ್ನೇ ಈಗ ಸವೆದ 10 ಯೆನ್‌ನ ಮೇಲೆ ಮಾಡಿ. ಮೂಡದೆ ಹೋಗುವ ಗೆರೆ ಯಾವುದು, ಕೊನೆಯವರೆಗೂ ಉಳಿಯುವ ಆಕಾರ ಯಾವುದು ಎಂಬುದು ಹಾಳೆಯ ಮೇಲೆಯೇ ಕಾಣುತ್ತದೆ.

ಬೆಕ್ಕಿನ ಬಗ್ಗೆ ನೀವು ಪ್ರತ್ಯೇಕವಾಗಿ ಕೇಳಿದ್ದೀರಿ, ಅದರ ಮೇಲೆ ನಿಮಗೆ ಪ್ರೀತಿಯಿದೆಯೆಂದು ತಿಳಿಯಿತು. ತೂತನ್ನು ಚಿತ್ರದೊಳಗೆ ಸೇರಿಸಬೇಕೆಂಬ ನಿಮ್ಮ ಯೋಚನೆ ಸರಿಯಾದದ್ದೇ, 5 ಯೆನ್ ಬರೆದವರೂ ಅದನ್ನೇ ಯೋಚಿಸಿದ್ದರು. ತೊಡಕಿರುವುದು ಜಾಗದಲ್ಲಿ. ತೂತು ಸರಿಯಾಗಿ ನಡುವೆ ಇರಲೇಬೇಕು. ಅದನ್ನು ಒಂದು ಕಣ್ಣಾಗಿಸಿದರೆ ಇನ್ನೊಂದು ಕಣ್ಣು ಪಕ್ಕಕ್ಕೆ ಹೋಗಿ ಮುಖದ ಅರ್ಧ ದಂಡೆಯ ಹೊರಗೆ ಬೀಳುತ್ತದೆ. ನೀವು ಮುಖವನ್ನು ಕುಗ್ಗಿಸಿ ಅದನ್ನು ಮರೆಮಾಡಿದ್ದೀರಿ, ಆದ್ದರಿಂದ ನಾಣ್ಯದ ಮುಕ್ಕಾಲು ಪಾಲು ಖಾಲಿ ಉಳಿದಿದೆ. ಸುರುಳಿಯಾಗಿ ಮಲಗಿದ ಬೆಕ್ಕನ್ನು ಮೇಲಿನಿಂದ ನೋಡಿದಂತೆ ಬರೆದು, ಅದರ ಮೈ ಬಳಸಿದ ನಡುವಿನ ಜಾಗವನ್ನು ತೂತಾಗಿಸಿ ನೋಡಿ. ದಿನಬಳಕೆಯ ನಾಣ್ಯಕ್ಕೆ ನಾನು ಆಗಲೂ ಮಿತ್ಸುಮಾತಾವನ್ನೇ ಆರಿಸುತ್ತೇನೆ, ಆದರೆ ಆ ಬೆಕ್ಕು ತರಗತಿಯ ಗೋಡೆಯ ಮೇಲೆ ಇರಲಿಕ್ಕೆ ಯೋಗ್ಯವಾಗುತ್ತದೆ.

ಮುಂದಿನ ಸಲ ಕಳಿಸುವಾಗ ಹತ್ತು ಪಟ್ಟು ದೊಡ್ಡದಾಗಿ ಬರೆದದ್ದರ ಜೊತೆಗೆ ನಿಜವಾದ ಅಳತೆಗೆ ಇಳಿಸಿ ಮುದ್ರಿಸಿದ ಪ್ರತಿಯನ್ನೂ ಕಳಿಸಿ. ಮೊದಲು ಚಹಾ ಚಿಗುರಿನ ಮಾಲೆಯನ್ನು ಬರೆಯಿರಿ, ನಾನು ಹೇಳಿದ ನಾಲ್ಕು ಬದಲಾವಣೆಗಳಲ್ಲಿ ಕಷ್ಟದ್ದು ಅದೇ. ಎಲೆಯ ಅಂಚಿನ ಗರಗಸದ ಹಲ್ಲುಗಳನ್ನು ಎಷ್ಟು ಕಡಿಮೆ ಮಾಡಿದರೂ ಅದು ಚಹಾ ಎಲೆಯೆಂದೇ ಕಾಣುತ್ತದೆ ಎಂಬುದನ್ನು ಹುಡುಕಿ. ಒಂದು ಬದಿಗೆ ಆರೇಳು ಹಲ್ಲು ಸಾಕಾಗಬಹುದೆಂದು ನನ್ನ ಅಂದಾಜು.